ಗೋಡೆ ಕಡೆಯ ಪಟ್ಟಿ

ಸಾಗರದಲ್ಲಿ ಎತ್ತಿದ್ದನ್ನು ಸಾಗರದಲ್ಲಿ ಮಾರಬಾರದು. ಇದು ಹೂವಪ್ಪನ ಕಾಯಿದೆ. ಸಾಗರದ್ದು ತೀರ್ಥಹಳ್ಳಿಗೆ ಬರಬೇಕು, ತೀರ್ಥಹಳ್ಳಿಯದು ಹೊಸನಗರಕ್ಕೆ ಹೋಗಬೇಕು, ಹೊಸನಗರದ್ದು ಸಾಗರಕ್ಕೆ. ಯಾಕೆಂದರೆ ಮನುಷ್ಯ ತಾನು ಬೀದಿಗೆ ಹಾಕಿದ ಕುರ್ಚಿಯನ್ನು ಸಂಜೆಯೊಳಗೆ ಮರೆತುಬಿಡುತ್ತಾನೆ. ಆದರೆ ಅದೇ ಕುರ್ಚಿ ಬಣ್ಣ ಹೊಡೆಸಿಕೊಂಡು ಪಕ್ಕದ ಮನೆಯ ಜಗಲಿಯಲ್ಲಿ ಕೂತದ್ದು ಕಂಡರೆ ಅಲ್ಲೇ ನಿಂತು ನೋಡುತ್ತಾನೆ. ಒಂದು ಮೊಳೆ ಹೊಡೆಸಿದ್ದರೆ ನಮ್ಮಲ್ಲೇ ಇರುತ್ತಿತ್ತಲ್ಲ ಅನ್ನಿಸುತ್ತದೆ. ಆಮೇಲೆ ಹೂವಪ್ಪನ ಮನೆ ಬಾಗಿಲಿಗೆ ಬಂದು, "ಅದು ನಮ್ದು ಕಣಾ, ನಾವು ಬಿಸಾಕಿದ್ದಲ್ಲ, ಸುಮ್ನೆ ಹೊರಗಿಟ್ಟಿದ್ದು" ಎಂದು ಜಗಳ ತೆಗೆಯುತ್ತಾನೆ. ಇಂಥ ಎರಡು ಜಗಳ ಆದ ಮೇಲೆ ಹೂವಪ್ಪ ಈ ಕಾಯಿದೆ ಮಾಡಿಕೊಂಡಿದ್ದ.

ಮೂರೂ ಊರು ಅವನಿಗೆ ಅಂಗೈ ಗೆರೆಯಂತೆ ಗೊತ್ತು. ಇಪ್ಪತ್ತೆರಡು ವರ್ಷ ಆ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಾಗಿಲಲ್ಲಿ ಜೋತುಬಿದ್ದು "ಹೊಸನಗರ, ಹೊಸನಗರ, ಸಾಗರ" ಎಂದು ಕೂಗುತ್ತ ಹೋಗುವಾಗ ರಸ್ತೆ ಬದಿಯಲ್ಲಿ ಜನ ಏನೇನು ಇಡುತ್ತಾರೆ ಎಂಬುದು ಅವನ ಕಣ್ಣಿಗೆ ಬೀಳುತ್ತಿತ್ತು. ಜಾರಿಲ್ಲದ ಮಿಕ್ಸಿ. ಹಿಡಿ ಮುರಿದ ಕುಕ್ಕರ್. ವರ್ಗವಾಗಿ ಹೋದ ಬ್ಯಾಂಕಿನವರು ಬಿಟ್ಟುಹೋದ ಪುಸ್ತಕದ ಕಪಾಟು. ಮಂಡಿ ಸವೆದು ಬಸ್ಸು ಬಿಟ್ಟ ಮೇಲೆ ಒಂದು ಹಳೇ ಲಗೇಜ್ ಆಟೋ ತೆಗೆದುಕೊಂಡು ಅದನ್ನೆಲ್ಲ ಎತ್ತಲು ಶುರುಮಾಡಿದ. ಎತ್ತಿದ್ದನ್ನು ತಂದು, ತಿಕ್ಕಿ, ಸ್ಕ್ರೂ ಬಿಗಿದು, ಬಣ್ಣ ಬಳಿದು ಮಾರುವುದು. ಗುಜರಿಯವನು ಎಂದರೆ ಮಾತ್ರ ಅವನಿಗೆ ಸಿಟ್ಟು ಬರುತ್ತಿತ್ತು. "ಗುಜರಿಯವ್ನು ತೂಕ ನೋಡ್ತಾನೆ, ನಾನು ಆಯಸ್ಸು ನೋಡ್ತೀನಿ" ಎನ್ನುತ್ತಿದ್ದ. ಈಗ ಎನ್ನುವುದಿಲ್ಲ. ಈಗ ಯಾರು ಏನೆಂದರೂ ಅವನಿಗೆ ಒಂದೇ.

ರಿಪೇರಿಯಾಗದ ಸಾಮಾನಿಗೂ ಗಿರಾಕಿ ಇದ್ದಾನೆ. ಹುಲಿಕಲ್ ದಾರಿಯಲ್ಲಿ ಹೋಂ ಸ್ಟೇ ಮಾಡಿಕೊಂಡಿರುವ ಅಭಿಷೇಕ ಎಂಬ ಹುಡುಗ. "ಅಣ್ಣಾ, ಕೆಟ್ಟಿದ್ದು ಕೆಟ್ಟೇ ಇರ್ಲಿ, ದಮ್ಮಯ್ಯ ತಿಕ್ಕಬೇಡಿ. ತುಕ್ಕು ಇದ್ರೆ ಗೆಸ್ಟುಗಳು ಫೋಟೊ ತೆಗೀತಾರೆ" ಎಂದು ಹಾಡದ ರೇಡಿಯೋ, ಉರಿಯದ ಲಾಟೀನು, ಯಾರೂ ರುಬ್ಬದ ಒರಳು ಎಲ್ಲವನ್ನೂ ಕೊಳ್ಳುತ್ತಾನೆ. ಪುಕ್ಕಟೆ ಸಿಕ್ಕಿದ್ದು ಒಳ್ಳೇ ಬೆಲೆಗೆ ಹೋಗುತ್ತದೆ.

ಈ ಕಸುಬಿನಲ್ಲಿ ಅರ್ಧ ಕೆಲಸ ವಿಶಾಲಮ್ಮನದಾಗಿತ್ತು. ಹೂವಪ್ಪನ ಹೆಂಡತಿ. ಹೆಸರು ಅಳಿಸುವ ಕೆಲಸ. ನಮ್ಮ ಕಡೆ ಮದುವೆಗೆ, ಮನೆ ಒಕ್ಕಲಿಗೆ ಕೊಟ್ಟ ಸ್ಟೀಲಿನ ಪಾತ್ರೆಯ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿರುತ್ತಾರೆ. ಅದು ಹಾಗೇ ಇದ್ದರೆ ಪಾತ್ರೆ ಮಾರುವುದು ಕಷ್ಟ. ವಿಶಾಲಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು, ಉಪ್ಪುಕಾಗದ ಹಿಡಿದು, ಮೊದಲು ಹೆಸರನ್ನು ಗಟ್ಟಿಯಾಗಿ ಓದುವಳು.

"ಶ್ರೀಮತಿ ಜಲಜಾಕ್ಷಿ, ಆನಂದಪುರ. ಎಂಬತ್ತೇಳನೇ ಇಸವಿ. ಜಲಜಾಕ್ಷಮ್ಮ, ಬೇಜಾರು ಮಾಡ್ಕಬ್ಯಾಡಿ, ನಿಮ್ಮ ಹೆಸ್ರು ತೆಗೀತಾ ಇದೀನಿ. ಅಪ್ಪಣೆ ಕೊಡಿ. ಪಾತ್ರೆ ಒಳ್ಳೇ ಮನೆಗೇ ಹೋಗ್ತದೆ."

"ಪಾತ್ರೆ ಹತ್ರ ಅಪ್ಪಣೆ ಕೇಳ್ತಿಯಲ್ಲ ಮಾರಾಯ್ತಿ, ನನ್ನ ಹತ್ರ ಒಂದಿನ ಕೇಳಿದೀಯಾ?" ಎಂದು ಹೂವಪ್ಪ ಕೆಣಕುತ್ತಿದ್ದ.

"ನಿಮ್ಮ ಮೇಲೆ ಯಾರ ಹೆಸ್ರು ಕೊರ್ದಿದೆ, ಕೇಳಕ್ಕೆ?"

ಯಾವ ಸಾಮಾನು ಬಂದರೂ ಅವಳ ಬೆರಳು ಮೊದಲು ಹೆಸರು ಹುಡುಕುತ್ತಿತ್ತು. ತಳದಲ್ಲಿ, ಅಂಚಿನಲ್ಲಿ, ಹಿಡಿಯ ಹಿಂದೆ. ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುವುದು.

ಕಾಯಿದೆ ಅವಳದೂ ಒಂದಿತ್ತು. ಸಾವಿನ ಮನೆಯವರು ಹೆಣ ಎತ್ತಿದ ಮೇಲೆ ಸತ್ತವರ ಚಾಪೆ, ದಿಂಬು, ಬಟ್ಟೆಗಳನ್ನು ಮೂರು ದಾರಿ ಕೂಡುವಲ್ಲಿ ಇಟ್ಟು ತಿರುಗಿ ನೋಡದೆ ಬರುತ್ತಾರೆ. ಕೆಲವೊಮ್ಮೆ ಜೊತೆಗೆ ಕುರ್ಚಿ, ಮಂಚಗಳೂ ಇರುತ್ತವೆ. ಬಟ್ಟೆ ಮುಟ್ಟುವ ಹಾಗಿಲ್ಲ. ಕಬ್ಬಿಣ, ಮರ ಎತ್ತಬಹುದು. ಆದರೆ ತಂದದ್ದು ನೇರ ಹಿತ್ತಲ ಕೊಟ್ಟಿಗೆಗೆ ಹೋಗಬೇಕು, ಅರಿಶಿನದ ನೀರು ಬೀಳಬೇಕು, ಮೂರು ದಿನ ಬಿಸಿಲು ಕಾಣಬೇಕು. "ಹೊಸ್ತಿಲು ದಾಟಕೂಡ್ದು. ನೀವು ಏನಾದ್ರೂ ಮಾರಿ, ಯಾರಿಗಾದ್ರೂ ಮಾರಿ. ಸಾವಿನ ಮನೇದು ನನ್ನ ಹೊಸ್ತಿಲು ದಾಟಕೂಡ್ದು." ಅಷ್ಟೇ ಅವಳು ಕೇಳಿದ್ದು. ಹೂವಪ್ಪ ಹನ್ನೊಂದು ವರ್ಷ ನಡೆಸಿಕೊಟ್ಟ. ಒಂದು ಸಲ ತಪ್ಪಿದ.

ವಿಶಾಲಮ್ಮನ ಹೃದಯ ಊದಿಕೊಂಡಿದೆ ಎಂದು ಶಿವಮೊಗ್ಗದಲ್ಲಿ ಹೇಳಿ ಮನೆಗೆ ಕಳಿಸಿದ ವಾರ ಅದು. ಸಪಾಟಾಗಿ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಬೆನ್ನು ಎತ್ತರಿಸಿ ಮಲಗಿಸಿ ಎಂದಿದ್ದರು ಡಾಕ್ಟ್ರು. ಮೂರು ರಾತ್ರಿ ಅವಳು ಗೋಡೆಗೆ ಒರಗಿ ಕೂತೇ ಕಳೆದಳು. ಅಂಗಡಿಗೆ ಫೋನು ಮಾಡಿದರೆ ಹಾಗೆ ಏಳುವ ಮಂಚ ಬರಲು ಹತ್ತು ದಿನ ಎಂದರು. ನಾಲ್ಕನೇ ದಿನ ಬೆಳಿಗ್ಗೆ ಸಾಗರದಲ್ಲಿ, ಮೂರು ದಾರಿ ಕೂಡುವ ಒಂದು ಕಡೆ, ಸುತ್ತಿಟ್ಟ ಚಾಪೆ ಮತ್ತು ದಿಂಬಿನ ಪಕ್ಕ ಅಂಥದೇ ಮಂಚ ನಿಂತಿತ್ತು. ಕಾಲ ಬಳಿ ಹಿಡಿಕೆ ಇತ್ತು, ತಿರುಗಿಸಿದರೆ ತಲೆಯ ಕಡೆ ಏಳುತ್ತದೆ. ಹೂವಪ್ಪ ತಿರುಗಿಸಿ ನೋಡಿದ. ಎದ್ದಿತು.

ಮಂಚದ ಉದ್ದಕ್ಕೆ ಹೋಗುವ ಕಬ್ಬಿಣದ ಪಟ್ಟಿಯ ಮೇಲೆ ಚುಕ್ಕೆಯಲ್ಲಿ ಕೊರೆದಿತ್ತು: ಭಾಗೀರಥಿ, ಸಾಗರ.

ವಿಶಾಲಮ್ಮನ ಬೆರಳು ಹುಡುಕುವುದು ಅವನಿಗೆ ಗೊತ್ತಿತ್ತು. ಹೊಸನಗರ ದಾಟಿದ ಮೇಲೆ ಒಂದು ಹೊಂಗೆ ಮರದ ಕೆಳಗೆ ಆಟೋ ನಿಲ್ಲಿಸಿದ. ಕಿಟಕಿ ಸರಳಿಗೆ ಬಳಿದು ಉಳಿದ ಹಸಿರು ಬಣ್ಣದ ಡಬ್ಬಿ ಗಾಡಿಯಲ್ಲಿತ್ತು. ಇಡೀ ಮಂಚಕ್ಕೆ ಒಂದು ಕೈ ಬಳಿದ, ಆ ಪಟ್ಟಿಗೆ ಮಾತ್ರ ಎರಡು. ಒಂದೊಂದು ಚುಕ್ಕೆಯೂ ತುಂಬಿಹೋಗುವಷ್ಟು ದಪ್ಪಗೆ. ಒಣಗುವವರೆಗೆ ಪಕ್ಕದ ಮೋರಿಯ ಮೇಲೆ ಕೂತಿದ್ದ. ಮನೆಗೆ ತಂದವನು ಹಿತ್ತಲಿಗೆ ಹೋಗಲಿಲ್ಲ. ಪಕ್ಕದ ಮನೆಯ ಕನ್ನಮ್ಮನನ್ನು ಒಂದು ಕಡೆ ಹಿಡಿದುಕೋ ಎಂದು ಕರೆದು ಹೊಸ್ತಿಲು ದಾಟಿಸಿದ. ಹೆಸರಿದ್ದ ಪಟ್ಟಿಯನ್ನು ಗೋಡೆ ಕಡೆಗೆ ತಿರುಗಿಸಿ ಹಾಕಿದ.

"ಯಾರ ಮನೇದು?" ವಿಶಾಲಮ್ಮ ಕೇಳಿದಳು.

"ಅಂಗಡಿದು. ಹೊಸ್ದು."

ಅವಳು ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಹಸಿರು ಬಣ್ಣ. "ಹೌದಾ" ಎಂದಳು. ಮತ್ತೆ ಕೇಳಲಿಲ್ಲ. ಆ ರಾತ್ರಿ ನಿದ್ದೆ ಮಾಡಿದಳು.

ರಾತ್ರಿ ಅರ್ಧಕ್ಕೆ ಇಳಿಸಿದ್ದನ್ನು ದಿನಾ ಬೆಳಿಗ್ಗೆ ಹೂವಪ್ಪ ಹಿಡಿಕೆ ತಿರುಗಿಸಿ ಏರಿಸುವನು. ಒಟ್ಟು ಹನ್ನೊಂದು ಸುತ್ತಿನವರೆಗೆ. ಹನ್ನೊಂದಕ್ಕೆ ಸರಿಯಾಗಿ ಅವಳು "ಸಾಕು" ಎನ್ನುವಳು. ಆಮೇಲೆ ಕೋಣೆ ಗುಡಿಸುವನು. ಮಂಚದ ಕೆಳಗೆ ದಿನಾ ಒಂದು ಚಿಟಿಕೆ ಹಸಿರು ಪುಡಿ ಇರುತ್ತಿತ್ತು. ಆ ಕೋಣೆಯ ಗೋಡೆಯೂ ಹಸಿರೇ. ಬಣ್ಣ ಉದುರುತ್ತಿದೆ, ಮಳೆಗಾಲದ ಮುಂಚೆ ಮತ್ತೆ ಹೊಡೆಸಬೇಕು ಎಂದುಕೊಂಡು ಗುಡಿಸಿ ಹಾಕುವನು. ನಲವತ್ತೊಂದು ದಿನ ಹೀಗೇ ಹೋಯಿತು. ನಲವತ್ತೆರಡನೇ ಬೆಳಿಗ್ಗೆ ಹನ್ನೊಂದರವರೆಗೆ ತಿರುಗಿಸಿದ, "ಸಾಕು" ಎಂಬುದು ಬರಲಿಲ್ಲ.

ಈಗ ಹದಿನಾಲ್ಕು ತಿಂಗಳಾಯಿತು. ಅವಳ ಚಾಪೆ, ದಿಂಬುಗಳನ್ನು ಪದ್ಧತಿಯಂತೆ ಮೂರು ದಾರಿ ಕೂಡುವಲ್ಲಿ ಇಟ್ಟು ಬಂದ. ಮಂಚ ಮಾತ್ರ ಇಡಲಿಲ್ಲ. ಇಟ್ಟರೂ ಎತ್ತುವವನು ಇಡೀ ತೀರ್ಥಹಳ್ಳಿಯಲ್ಲಿ ಒಬ್ಬನೇ, ಅವನೇ. ಟಾರ್ಪಾಲು ಸುತ್ತಿ, ಹಗ್ಗ ಬಿಗಿದು ಕೊಟ್ಟಿಗೆಯ ಗೋಡೆಗೆ ಒತ್ತಿ ನಿಲ್ಲಿಸಿದ. ಹದಿನಾಲ್ಕು ತಿಂಗಳಲ್ಲಿ ಎಷ್ಟೋ ಮಿಕ್ಸಿ ಬಂದವು ಹೋದವು, ಫ್ಯಾನುಗಳು ಬಂದವು ಹೋದವು. ಅದು ಅಲ್ಲೇ ಇತ್ತು.

ಅವನು ಅತ್ತಿರಲಿಲ್ಲ. ಅಳಬಾರದು ಅಂತಲ್ಲ, ಬರಲಿಲ್ಲ. ಕನ್ನಮ್ಮ ಮೊದಲ ತಿಂಗಳು, "ಹೂವಣ್ಣ, ಒಂದ್ಸಲ ಅತ್ತುಬಿಡಾ, ಕಟ್ಕಂಡು ಕೂತ್ರೆ ನಿಂಗೇ ಎಂತಾದ್ರೂ ಆಗ್ತದೆ" ಎಂದು ಹೇಳಿ ಹೇಳಿ ಸೋತಿದ್ದಳು. ಅವನಿಗೆ ಒಳಗೆ ಕಟ್ಟಿಕೊಂಡದ್ದೂ ಏನೂ ಕಾಣಲಿಲ್ಲ. ಕನ್ನಮ್ಮ ತಂದುಕೊಟ್ಟ ಪಲ್ಯಕ್ಕೆ ಉಪ್ಪಿಲ್ಲದಿದ್ದರೂ ಉಣ್ಣುವನು, ಎರಡು ಸಲ ಉಪ್ಪು ಬಿದ್ದಿದ್ದರೂ ಉಣ್ಣುವನು. ಪಾತ್ರೆಗಳ ಹೆಸರನ್ನು ಈಗ ತಾನೇ ಅಳಿಸುತ್ತಿದ್ದ. ಓದುತ್ತಿರಲಿಲ್ಲ. ಓದದೆ ಅಳಿಸಿದರೆ ಕೆಲಸ ಬೇಗ ಆಗುತ್ತಿತ್ತು.

ಒಂದು ಮಾತ್ರ ಇತ್ತು, ಚಪ್ಪಲಿಯೊಳಗಿನ ಕಲ್ಲಿನ ಹಾಗೆ. ನೋಡಿಕೊಂಡರೆ ವರ್ಷ ಹೋಗಬಹುದು ಎಂದಿದ್ದರು ಡಾಕ್ಟ್ರು. ಹೋದದ್ದು ನಲವತ್ತೊಂದು ದಿನ. ಮಂಚದಿಂದ ಹಾಗಾಯಿತು ಎಂದು ಅವನು ನಂಬುವವನಲ್ಲ. ಆದರೆ ಗೊತ್ತಿದ್ದರೆ ಅವಳು ಅದರ ಮೇಲೆ ಮಲಗುತ್ತಿರಲಿಲ್ಲ. ಇಡೀ ಸಂಸಾರದಲ್ಲಿ ಕೇಳಿದ್ದು ಒಂದೇ ಒಂದು, ಅದನ್ನೂ ಸುಳ್ಳು ಹೇಳಿ ತಪ್ಪಿಸಿದೆ, ಅವಳು ನಂಬಿಕೊಂಡೇ ಹೋದಳು. ಇಷ್ಟು ಮಾತ್ರ ದಿನಕ್ಕೊಮ್ಮೆ ಚುಚ್ಚುತ್ತಿತ್ತು. ಚುಚ್ಚಿದ ಜಾಗದಲ್ಲಿ ನೋವೂ ಇರುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ಮೇಳಿಗೆಯಿಂದ ಗಣೇಶಮೂರ್ತಿ ಎಂಬವನು ಬೈಕಿನಲ್ಲಿ ಬಂದ. ಸೊಸೈಟಿಯಲ್ಲಿ ಕ್ಲರ್ಕು, ನಲವತ್ತರ ಆಸುಪಾಸು, ಹಣೆಯಲ್ಲಿ ಬೆವರು.

"ಹೂವಪ್ಪಣ್ಣ ಅಂದ್ರೆ ನೀವೇನಾ? ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕಂಡಿದಾರೆ. ಆಪರೇಷನ್ ಆಗಿದೆ. ನೆಲದ ಮೇಲೆ ಮಲಗ್ಸಿದೀವಿ, ಎತ್ತಕ್ಕಾಗಲ್ಲ, ಕೂರ್ಸಕ್ಕಾಗಲ್ಲ. ಆಸ್ಪತ್ರೆ ಥರದ್ದು ಮಂಚ ಇದ್ಯಂತಲ್ಲ ನಿಮ್ಮತ್ರ?"

"ಇಲ್ಲ."

"ಇದೆ ಅಂದ್ರಲ್ಲ."

"ಯಾರು?"

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಕನ್ನಮ್ಮ ತಿರುಗಲೂ ಇಲ್ಲ. "ನಾನೇ ಹೇಳಿದ್ದು. ಇವ್ರ ಹೆಂಡ್ತಿ ನನ್ನ ತಂಗಿ ಜೊತೆ ಓದಿದ್ದು. ಎಂತ ಈಗ? ಕೊಟ್ಟಿಗೇಲಿ ಮಂಚಕ್ಕೆ ಸೀರೆ ಉಡ್ಸಿ ನಿಲ್ಸಿದೀಯಲ್ಲ, ಅದು ಮರಿ ಹಾಕ್ತದಾ?"

"ಕನ್ನಮ್ಮ..."

"ಅಲ್ಲಿ ಒಂದು ಮುದುಕಿ ನೆಲದಲ್ಲಿ ಬಿದ್ಕಂಡಿದೆ, ಇಲ್ಲಿ ಮಂಚ ನಿಂತಿದೆ. ಮಂಚ ಇರೋದು ನಿಂತ್ಕಳಕ್ಕಾ?"

ಹೂವಪ್ಪ ನಿಂತು ಯೋಚಿಸಿದಂತೆ ಮಾಡಿದ. ನಿಜವಾಗಿ ಏನೂ ಯೋಚಿಸುತ್ತಿರಲಿಲ್ಲ. ಒಳಗೆ ಬೇಡ ಎನ್ನುವುದು ಏನಾದರೂ ಇದೆಯೇ ಎಂದು ಕಾದ. ಬೇಡ ಎಂಬುದೂ ಬರಲಿಲ್ಲ, ಆಯಿತು ಎಂಬುದೂ ಬರಲಿಲ್ಲ. ಕೊಟ್ಟಿಗೆಗೆ ಹೋಗಿ ಒಂದು ಕಡೆ ಹಿಡಿದ. ಗಣೇಶಮೂರ್ತಿ ಇನ್ನೊಂದು ಕಡೆ ಹಿಡಿದ. ಟಾರ್ಪಾಲು ಬಿಚ್ಚದೆ ಹಾಗೇ ಆಟೋಕ್ಕೆ ಏರಿಸಿದರು.

"ಎಷ್ಟು ಕೊಡ್ಲಿ?"

"ಹಾಕಿ ನೋಡಿ ಆಮೇಲೆ ಮಾತಾಡುವ."

"ಯಾರ ಮನೇದು ಇದು?"

"ಹೊಸನಗರದ ಕಡೆ ಒಂದು ನರ್ಸಿಂಗ್ ಹೋಂ ಮುಚ್ಚಿದ್ರು. ಅಲ್ಲೀದು."

ಬಾಯಿ ತಾನಾಗಿಯೇ ಹೇಳಿತು. ಸಾವಿನ ಮನೆಯ ಸಾಮಾನಿಗೆ ಹೀಗೆ ಹೇಳಿ ಹೇಳಿ ಹನ್ನೆರಡು ವರ್ಷದ ಅಭ್ಯಾಸ. ಕನ್ನಮ್ಮ ಬಟ್ಟೆ ಕೊಡವುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

ಮೇಳಿಗೆಯ ಮನೆಯಲ್ಲಿ ಶೇಷಮ್ಮ ನಡುಕೋಣೆಯ ನೆಲದಲ್ಲಿ, ಹಾಸಿಗೆಯ ಮೇಲೆ, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಎಂಬತ್ತರ ಹತ್ತಿರದ ಹೆಂಗಸು, ಸಣ್ಣ ಜೀವ. ಸೊಂಟ ಮುರಿದಿದ್ದರೂ ಬಾಯಿಗೆ ಏನೂ ಆಗಿರಲಿಲ್ಲ.

"ಬಂತಾ ರಥ? ನಿಧಾನ, ಗೋಡೆ ಗಾರೆ ಕೀಳಬೇಡಿ. ಗಣೇಶ, ನೀ ಆ ಕಡೆ ಹೋಗಾ, ಅವ್ರಿಗೆ ಮಂಡಿ ನೋವು ಕಾಣ್ತದೆ, ನಡಿಗೆ ನೋಡು. ಹದಿನೈದು ದಿನ ಆಯ್ತು ತಮ್ಮಾ, ನೆಲದಿಂದ ನೋಡಿ ನೋಡಿ ಈ ಮನೇಲಿ ಯಾರ ಮುಖನೂ ನೆನಪಿಲ್ಲ ನಂಗೆ. ಬರೀ ಪಾದ. ಸೊಸೆ ಹಿಮ್ಮಡಿ ಒಡ್ದಿದೆ, ಎಣ್ಣೆ ಹಚ್ಚೇ ಅಂದ್ರೆ ಕೇಳಲ್ಲ."

ಹಗ್ಗ ಬಿಚ್ಚಿ, ಟಾರ್ಪಾಲು ತೆಗೆದು, ಮಂಚವನ್ನು ಕಾಲ ಮೇಲೆ ನಿಲ್ಲಿಸಿದರು. ಹೂವಪ್ಪ ಹಿಡಿಕೆ ಹಾಕಿ ತಿರುಗಿಸಿ ನೋಡಿದ. ಹದಿನಾಲ್ಕು ತಿಂಗಳಾದರೂ ಕಿರ್ ಎನ್ನಲಿಲ್ಲ. ಹಾಸಿಗೆ ತರಲು ಗಣೇಶಮೂರ್ತಿ ಒಳಗೆ ಹೋದ.

"ಯಾರ ಮನೇದಪ್ಪ ಮಂಚ?" ಶೇಷಮ್ಮ ಕೇಳಿದರು.

ಸುಮ್ಮನೆ ಕೇಳಿದ ಮಾತು. ನರ್ಸಿಂಗ್ ಹೋಮಿನ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಕೇಳಿದವರು ಮಲಗಿದ್ದರು, ಮಲಗಿದಲ್ಲಿಂದ ಕತ್ತೆತ್ತಿ ಅವನ ಕೈ ನೋಡುತ್ತಿದ್ದರು. ಹೂವಪ್ಪನೂ ತನ್ನ ಕೈ ನೋಡಿಕೊಂಡ. ಉಗುರು ಸ್ವಚ್ಛವಾಗಿತ್ತು.

"ನನ್ನ ಹೆಂಡ್ತಿದು ಅಮ್ಮ" ಎಂದ. "ಹೋಗಿಬಿಟ್ಲು. ಇದ್ರ ಮೇಲೇ. ಅವ್ಳಿಗಿಂತ ಮುಂಚೆ ಸಾಗರದಲ್ಲಿ ಒಬ್ರದ್ದು. ಅವ್ರೂ ಇದ್ರ ಮೇಲೇ ಹೋಗಿರ್ಬೇಕು. ಮೂರು ದಾರಿ ಸೇರೋ ಕಡೆ ಇಟ್ಟಿದ್ರು, ನಾನು ಎತ್ಕಂಡು ಬಂದಿದ್ದು."

ಹಾಸಿಗೆ ಹೊತ್ತು ಬಂದ ಗಣೇಶಮೂರ್ತಿ ಬಾಗಿಲಲ್ಲೇ ನಿಂತ. "ಎಂತ ಅಂದ್ರಿ?"

ಹೂವಪ್ಪ ಅದನ್ನೇ ಇನ್ನೊಮ್ಮೆ ಹೇಳಿದ. ಎರಡನೇ ಸಲ ಹೇಳುವಾಗ ಬಸ್ಸಿನ ಸ್ಟಾಪು ಕೂಗಿದ ಹಾಗೆ ಕೇಳಿಸಿತು, ಸಾಗರ, ತೀರ್ಥಹಳ್ಳಿ.

"ನರ್ಸಿಂಗ್ ಹೋಂ ಅಂದ್ರಲ್ಲ ಮಾರಾಯ್ರೆ! ಮೂರು ದಾರೀಲಿ ಬಿಸಾಕಿದ ಮಂಚ ತಂದು ನಮ್ಮಮ್ಮನ್ನ ಮಲಗ್ಸು ಅಂತೀರಲ್ಲ, ನಿಮಗೆ ಮನುಷ್ಯತ್ವ ಇದ್ಯಾ? ತಗಂಡು ಹೋಗಿ. ಮೊದ್ಲು ತಗಂಡು ಹೋಗಿ ಇಲ್ಲಿಂದ."

"ಗಣೇಶಾ" ಎಂದರು ಶೇಷಮ್ಮ.

"ನೀ ಸುಮ್ನಿರಮ್ಮ. ದುಡ್ಡಿಗೆ ಎಂತ ಬೇಕಾದ್ರೂ ಮಾರ್ತಾರೆ ಇವ್ರು."

ಹೂವಪ್ಪನಿಗೆ ಅದು ತಾಗಲಿಲ್ಲ. ಗಣೇಶಮೂರ್ತಿ ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಬಾಗಿಲು ಸಣ್ಣದು, ಮಂಚವನ್ನು ಅಡ್ಡ ಮಲಗಿಸಿಯೇ ಹೊರಗೆ ಒಯ್ಯಬೇಕು. ಇಬ್ಬರೂ ಎರಡು ಕಡೆ ಹಿಡಿದು ಮಗ್ಗುಲಿಗೆ ತಿರುಗಿಸಿದರು. ಇಷ್ಟು ಹೊತ್ತು ಆಚೆ ಬದಿಯಲ್ಲಿದ್ದ ಪಟ್ಟಿಗೆ ಬಾಗಿಲ ಬಿಸಿಲು ನೇರವಾಗಿ ಬಿತ್ತು. ನೆಲದಲ್ಲಿದ್ದ ಶೇಷಮ್ಮನ ಕಣ್ಣಿಗೆ ಅದೇ ಎದುರು.

"ನಿಲ್ಲಿ, ನಿಲ್ಲಿ. ಅಲ್ಲಿ ಎಂತ ಬರ್ದಿದೆ?"

"ಎಂತನೂ ಇಲ್ಲಮ್ಮ. ಇತ್ತು. ನಾನೇ ಬಣ್ಣ ಬಳಿದು ಮುಚ್ಚಿದೀನಿ."

"ಮುಚ್ಚಿದ್ದು ಹೆಂಗೆ ಕಾಣ್ತದೆ ಹಾಗಾದ್ರೆ? ನಾನು ನಾಕನೇ ಕ್ಲಾಸು ಓದಿದೀನಿ ತಮ್ಮಾ. ಭಾ... ಗೀ... ರ... ಥಿ. ಭಾಗೀರಥಿ. ಸಾಗರ."

ಹೂವಪ್ಪ ಬಗ್ಗಿ ನೋಡಿದ. ಮಂಡಿ ಊರಿದ. ಅವನು ಎರಡು ಕೈ ಬಳಿದು ತುಂಬಿಸಿದ್ದ ಒಂದೊಂದು ಚುಕ್ಕೆಯ ಬಣ್ಣವನ್ನೂ ಯಾರೋ ಕೆದಕಿ ತೆಗೆದಿದ್ದರು. ಅವಸರದಲ್ಲಿ ಕೆರೆದದ್ದಲ್ಲ. ಚುಕ್ಕೆಯ ಆಚೆ ಒಂದು ಗೀರು ಬಿದ್ದಿರಲಿಲ್ಲ. ವಿಶಾಲಮ್ಮನ ಬಳೆಯಲ್ಲಿ ಯಾವಾಗಲೂ ಒಂದು ಪಿನ್ನು ಸಿಕ್ಕಿಸಿರುತ್ತಿತ್ತು. ದಿನಾ ಬೆಳಿಗ್ಗೆ ಗುಡಿಸಿದ ಹಸಿರು ಪುಡಿ ಅವನ ನೆನಪಿಗೆ ಬಂತು. ಒಂದು ಚಿಟಿಕೆ. ದಿನಕ್ಕೆ ಎರಡೋ ಮೂರೋ ಚುಕ್ಕೆ ಆಗಿರಬೇಕು.

"ಅದ್ರ ಕೆಳಗೂ ಎಂತೋ ಇದೆ" ಶೇಷಮ್ಮ ಹೇಳಿದರು. "ಸಣ್ಣಕೆ. ನಂಗೆ ಕಾಣಲ್ಲ, ನೀನೇ ಓದು."

ಕೆಳಗೆ, ಹಸಿರು ಬಣ್ಣದ ಮೇಲೆ ಪಿನ್ನಿನಲ್ಲಿ ಗೀಚಿತ್ತು. ವಿಶಾಲ. ತೀರ್ಥಹಳ್ಳಿ. ಕೊನೆಯ ಅಕ್ಷರದ ಒತ್ತು ಪಟ್ಟಿಯ ಅಂಚಿಗೆ ಜಾರಿಹೋಗಿತ್ತು. ಜಾಗ ಸಾಲದೆಯೋ, ಕೈ ಸೋತೋ.

"ನಿನ್ನ ಹೆಂಡ್ತಿ ಹೆಸ್ರೆಂತ?"

"ವಿಶಾಲ."

"ಅವ್ಳಿಗೆ ಗೊತ್ತಿತ್ತಾ, ಎಲ್ಲಿಂದ ಬಂದಿದ್ದು ಅಂತ?"

"ಇಲ್ಲ ಅಂದ್ಕಂಡಿದ್ದೆ."

"ಗೊತ್ತಿದ್ದೇ ಮಲಗಿದ್ಲಲ್ಲ."

"ಹೌದು" ಎಂದ ಹೂವಪ್ಪ.

ಅಳು ಈಗ ಬರಬಹುದು ಎಂದು ಅವನಿಗೇ ಅನ್ನಿಸಿತು. ಕಾದ. ಬರಲಿಲ್ಲ. ಕಾಲ ಜೋಮು ಬಿಡುವಾಗ ಮೊದಲು ಒಂದು ಬೆರಳು ಮಾತ್ರ ತನ್ನದು ಅನ್ನಿಸುತ್ತದಲ್ಲ, ಅಷ್ಟು. ಪಟ್ಟಿಯ ಮೇಲಿಟ್ಟಿದ್ದ ತೋರುಬೆರಳು ಬಿಸಿಯಾಗಿತ್ತು. ಬಿಸಿಲಿಗೂ ಇರಬಹುದು.

ಗಣೇಶಮೂರ್ತಿಯ ದನಿ ಇಳಿದಿತ್ತು. ಅವನು ಅಮ್ಮನನ್ನೂ ಮಂಚವನ್ನೂ ನೋಡಿದ. "ಅಮ್ಮಾ, ಎಂತ ಮಾಡುದು ಹೇಳು."

"ನಂಗೆ ಕೂತ್ಕಬೇಕು ಮಾರಾಯ. ಕೂತು ಒಂದು ಲೋಟ ಕಾಫಿ ಕುಡೀಬೇಕು. ಮಲಗಿ ಕುಡ್ದು ಕುಡ್ದು ಕಿವಿಗೆಲ್ಲ ಹೋಗಿದೆ ಕಾಫಿ. ಆ ವಿಶಾಲನಿಗೆ ಆಗಿದ್ದು ನಂಗೆ ಆಗಲ್ವಾ? ನೀರು ಹಾಕಿ ಒರ್ಸಿ, ಹಾಕು."

"ಆಯ್ತು. ಆದ್ರೆ ಆ ಹೆಸ್ರು ಅಳ್ಸಿ ಕೊಡ್ಲಿ. ನಾಳೆ ನೆಂಟ್ರು ಬಂದು ಓದಿದ್ರೆ..."

ಕೇಳಿದ್ದು ನ್ಯಾಯವೇ. ಹೆಸರು ಅಳಿಸಿಯೇ ಸಾಮಾನು ಕೊಡಬೇಕು, ಅದು ಕಸುಬು. ಹೂವಪ್ಪ ಆಟೋಕ್ಕೆ ಹೋಗಿ ಉಪ್ಪುಕಾಗದ ತಂದ. ಮಗ್ಗುಲಾಗಿದ್ದ ಮಂಚದ ಮುಂದೆ ಕಾಲು ಚಾಚಿ ಕೂತ, ಅವಳು ಜಗಲಿಯಲ್ಲಿ ಕೂರುತ್ತಿದ್ದ ಹಾಗೆ. ಭಾಗೀರಥಿ ಕಬ್ಬಿಣದಲ್ಲಿದ್ದರು, ಎಷ್ಟು ತಿಕ್ಕಿದರೂ ಅಷ್ಟಿಷ್ಟು ಉಳಿದಾರು. ವಿಶಾಲ ಬರೀ ಬಣ್ಣದಲ್ಲಿದ್ದಳು. ಎರಡು ಸಲ ಎಳೆದರೆ ಮುಗಿಯಿತು.

"ಭಾಗೀರಥಿ, ಸಾಗರ" ಎಂದು ಗಟ್ಟಿಯಾಗಿ ಓದಿದ. ಹದಿನಾಲ್ಕು ತಿಂಗಳಲ್ಲಿ ಓದಿದ ಮೊದಲ ಹೆಸರು. "ಬೇಜಾರು ಮಾಡ್ಕಬ್ಯಾಡಿ ಅಮ್ಮ. ಕೇಳದೆ ತಂದೆ."

ಗಣೇಶಮೂರ್ತಿ ತಾಯಿಯ ಮುಖ ನೋಡಿದ. ಶೇಷಮ್ಮ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

"ವಿಶಾಲ, ತೀರ್ಥಹಳ್ಳಿ."

ಮುಂದಿನ ಮಾತು ಅಪ್ಪಣೆ ಕೊಡು ಎಂಬುದು. ಅವಳಿಂದ ಸಾವಿರ ಸಲ ಕೇಳಿದ ಮಾತು, ತನ್ನ ಬಾಯಲ್ಲಿ ಹೊರಡಲಿಲ್ಲ. ಜೀವಮಾನವೆಲ್ಲ ಊರವರ ಹೆಸರು ಅಳಿಸಿದವಳು, ಉಸಿರು ಸಾಲದ ದಿನಗಳಲ್ಲಿ ಕೂತು ಈ ಒಂದು ಹೆಸರನ್ನು ಮೇಲಕ್ಕೆತ್ತಿದ್ದಳು. ಅದರ ಕೆಳಗೆ ತನಗೂ ಜಾಗ ಮಾಡಿಕೊಂಡಿದ್ದಳು. ಉಪ್ಪುಕಾಗದ ಹಿಡಿದ ಕೈ ಪಟ್ಟಿಯವರೆಗೆ ಹೋಗಿ ಅಲ್ಲೇ ನಿಂತಿತ್ತು. ಹೊರಗೆ ಯಾರದೋ ಬೈಕು ಹೋಯಿತು. ಒಳಗೆ ಹಾಲು ಕಾಯಿಸುವ ಪಾತ್ರೆ ಸದ್ದಾಯಿತು.

"ಅದು ಗೋಡೆ ಕಡೆ ಬರ್ತದೆ ಅಲ್ದಾ?" ಶೇಷಮ್ಮ ಕೇಳಿದರು.

"ಹೌದಮ್ಮ. ಗೋಡೆ ಕಡೆಗೇ ಹಾಕಿದ್ದೆ."

"ಮತ್ತೆ? ಗೋಡೆಗೆ ಓದಕ್ಕೆ ಬರ್ತದಾ? ಬಿಡು. ನಂಗೂ ರಾತ್ರಿ ನಿದ್ದೆ ಬರಲ್ಲ, ಮಾತಾಡ್ಸಕ್ಕೆ ಎರಡು ಜನ ಆಯ್ತು."

ಗಣೇಶಮೂರ್ತಿ ಒದ್ದೆ ಬಟ್ಟೆ ತಂದು ತಾನೇ ಮಂಚ ಒರೆಸಿದ. ಅವನ ಹೆಂಡತಿ ಅರಿಶಿನದ ನೀರು ತಂದು ನಾಲ್ಕು ಕಾಲಿಗೂ ಚಿಮುಕಿಸಿದಳು. ಹೂವಪ್ಪ ಉಪ್ಪುಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಪಟ್ಟಿಯನ್ನು ಗೋಡೆ ಕಡೆಗೆ ತಿರುಗಿಸಿ ಮಂಚ ಹಾಕಿದರು, ಹಾಸಿಗೆ ಹಾಸಿದರು, ಮೂವರೂ ಸೇರಿ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಶೇಷಮ್ಮನನ್ನು ಎತ್ತಿ ಮಲಗಿಸಿದರು. ಅವರು ಒಂದು ಸಲ ಹಲ್ಲು ಕಚ್ಚಿದರು, ಅಷ್ಟೇ.

ಹೂವಪ್ಪ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಹಿಡಿಕೆ ಹಿಡಿದ. ತಿರುಗಿಸಿದ. ಕೈಗೆ ಲೆಕ್ಕ ಗೊತ್ತಿತ್ತು. ಶೇಷಮ್ಮನ ತಲೆ, ಹೆಗಲು, ಬೆನ್ನು ನಿಧಾನಕ್ಕೆ ಮಂಚದ ಮಟ್ಟ ಬಿಟ್ಟು ಎದ್ದವು. ಹನ್ನೊಂದಕ್ಕೆ ಕೈ ನಿಂತಿತು. ಅವನು ಕಾದ.

"ಎಂತಕ್ಕೆ ನಿಲ್ಸಿದೆ?" ಶೇಷಮ್ಮ ಕೇಳಿದರು. "ಇನ್ನೊಂಚೂರು."

ಹನ್ನೆರಡು.

"ಇನ್ನೊಂಚೂರು ಎತ್ತು ತಮ್ಮಾ, ರಸ್ತೆ ಕಾಣ್ಲಿ."

ಹದಿಮೂರನೆಯ ಸುತ್ತು ಬಿಗಿಯಾಗಿತ್ತು. ಅಲ್ಲಿಯವರೆಗೆ ಅದನ್ನು ಅವನು ಯಾವತ್ತೂ ತಿರುಗಿಸಿರಲಿಲ್ಲ. ಎರಡೂ ಕೈ ಹಾಕಿದ.